ದೂರದ ಊರಿಗೆ ನೆರವು: ನೆರೆ, ಭೂಕುಸಿತದ ನಂತರ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಮಳೆಗಾಲದಲ್ಲೂ ಎಲ್ಲೋ ಒಂದು ಕಡೆ ಗುಡ್ಡ ಜಾರುತ್ತದೆ, ಇಲ್ಲವೇ ಹೊಳೆ ಊರೊಳಗೆ ನುಗ್ಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗು. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ, ಗದಗ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ. ಟಿವಿಯಲ್ಲಿ ನೋಡಿದ ಕೂಡಲೇ ನೂರಾರು ಕಿಲೋಮೀಟರ್ ದೂರದಲ್ಲಿ ಕೂತ ನಮಗೂ ಏನಾದರೂ ಮಾಡಬೇಕು ಅನಿಸುತ್ತದೆ. ಆ ಮನಸ್ಸು ದೊಡ್ಡದು. ಆದರೆ ನೆರವು ಸರಿಯಾದ ಕೈಗೆ, ಸರಿಯಾದ ಹೊತ್ತಿಗೆ ತಲುಪಬೇಕಲ್ಲವೇ? ಪರಿಹಾರ ಕೆಲಸದಲ್ಲಿ ಕೈಜೋಡಿಸುವವರಿಗೆ ಬೆಂಗಳೂರು, ಮೈಸೂರಿನಿಂದ ಹಿಡಿದು ದುಬೈವರೆಗಿನ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಸಾಮಾನು ಕಳಿಸಲಾ, ದುಡ್ಡು ಕಳಿಸಲಾ?

ದುಡ್ಡು. ಹತ್ತರಲ್ಲಿ ಒಂಬತ್ತು ಸಲ ಇದೇ ಉತ್ತರ.

ಸಂತ್ರಸ್ತರಿಗೆ ಬೇಕಾದದ್ದು ದಿನದಿನಕ್ಕೂ ಬದಲಾಗುತ್ತದೆ. ಮೊದಲ ದಿನ ಕುಡಿಯುವ ನೀರು, ಕಂಬಳಿ. ವಾರದ ಹೊತ್ತಿಗೆ ಔಷಧಿ, ಮೊಬೈಲ್ ಚಾರ್ಜರ್, ಮಕ್ಕಳ ಪುಸ್ತಕ. ತಿಂಗಳಾದ ಮೇಲೆ ಬಾಡಿಗೆ ಮನೆಯ ಅಡ್ವಾನ್ಸ್, ಗ್ಯಾಸ್ ಒಲೆ, ಆಟೊ ರಿಪೇರಿ. ನೀವು ಬೆಂಗಳೂರಿನಲ್ಲಿ ಕೂತು ಬಿಸ್ಕತ್ತಿನ ಪೆಟ್ಟಿಗೆ ಕಟ್ಟುವಷ್ಟರಲ್ಲಿ ಅಲ್ಲಿ ಬಿಸ್ಕತ್ತು ಸಾಕುಸಾಕಾಗಿರುತ್ತದೆ. ಕೈಯಲ್ಲಿ ದುಡ್ಡಿದ್ದರೆ ಯಾರಿಗೆ ಏನು ಬೇಕೋ ಅದನ್ನು ಅವರೇ ಕೊಳ್ಳುತ್ತಾರೆ.

ಇನ್ನೊಂದು ಕಾರಣವೂ ಇದೆ. ನೆರೆ ಬಂದ ಊರಿನ ಕಿರಾಣಿ ಅಂಗಡಿಯವನೂ ಸಂತ್ರಸ್ತನೇ. ಹೊರಗಿನಿಂದ ಲಾರಿಗಟ್ಟಲೆ ಅಕ್ಕಿ ಪುಕ್ಕಟೆ ಬಂದು ಬಿದ್ದರೆ ಅವನ ವ್ಯಾಪಾರ ಮತ್ತೆ ಏಳುವುದೇ ಇಲ್ಲ. ಪಕ್ಕದ ಪೇಟೆಯಲ್ಲಿ ಕೊಂಡರೆ ಆ ದುಡ್ಡು ಆ ತಾಲೂಕಿನಲ್ಲೇ ಸುತ್ತುತ್ತದೆ.

ಮನೆಯಲ್ಲಿ ಒಳ್ಳೆಯ ಹಳೆ ಬಟ್ಟೆ ತುಂಬಾ ಇವೆ. ಅವನ್ನಾದರೂ ಕಳಿಸಬಹುದಾ?

ದಯವಿಟ್ಟು ಬೇಡ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಹಳೆ ಬಟ್ಟೆಯ ಗುಡ್ಡೆಗಳೇ ಎದ್ದಿದ್ದವು. ಯಾರಿಗೂ ಬೇಡವಾಗಿ ರಸ್ತೆಬದಿಯಲ್ಲಿ ಬಿದ್ದಿದ್ದ ಆ ಬಟ್ಟೆಗಳನ್ನು ಗೂಂಜ್ ಎಂಬ ಸಂಸ್ಥೆ ಆಯ್ದು, ವಿಂಗಡಿಸಿ, ಮತ್ತೆ ಬಳಕೆಗೆ ತರಬೇಕಾಯಿತು. ಇಪ್ಪತ್ತು ವರ್ಷ ಕಳೆದು ವಯನಾಡಿನಲ್ಲೂ ಅದೇ ಕತೆ. ಬಂದ ಹಳೆ ಬಟ್ಟೆ ಕಸವಾಯಿತು, ಅದನ್ನು ಸಾಗಿಸುವುದೇ ಆಡಳಿತಕ್ಕೆ ಇನ್ನೊಂದು ಕೆಲಸವಾಯಿತು.

ಬಟ್ಟೆ ವಿಂಗಡಿಸಲು ಜನ ಬೇಕು, ಇಡಲು ಒಣ ಜಾಗ ಬೇಕು. ನೆರೆಯ ಊರಿನಲ್ಲಿ ಈ ಎರಡಕ್ಕೂ ಬರ. ಇನ್ನೂ ಮುಖ್ಯವಾದದ್ದು, ನಿನ್ನೆಯವರೆಗೆ ಸ್ವಂತ ಮನೆಯಲ್ಲಿ ಇದ್ದವರು ಅವರು. ಬೇರೆಯವರು ಉಟ್ಟು ಬಿಟ್ಟದ್ದನ್ನು ಸಾಲಿನಲ್ಲಿ ನಿಂತು ತೆಗೆದುಕೊಳ್ಳುವುದು ಎಷ್ಟು ಕಷ್ಟ ಅಂತ ಒಮ್ಮೆ ಯೋಚಿಸಿ. ಬಟ್ಟೆಯನ್ನೇ ಕೊಡುವ ಆಸೆಯಿದ್ದರೆ ಹೊಸದು ಕೊಡಿ. ಒಳಉಡುಪು, ನೈಟಿ, ಲುಂಗಿ, ಟವೆಲ್ ಕೊಡುವವರು ಕಡಿಮೆ. ಅವುಗಳ ಅಗತ್ಯ ಮಾತ್ರ ಜಾಸ್ತಿ.

ಹಾಗಾದರೆ ಸಾಮಾನು ಕಳಿಸಲೇಬಾರದಾ?

ಅಲ್ಲಿಂದ ಪಟ್ಟಿ ಬಂದರೆ ಕಳಿಸಿ. ಜಿಲ್ಲಾಡಳಿತ, ಸಂತ್ರಸ್ತರು ತಂಗುವ ಕಾಳಜಿ ಕೇಂದ್ರ ನಡೆಸುವವರು, ಗ್ರಾಮ ಪಂಚಾಯ್ತಿ, ಸ್ಥಳೀಯ ಸಂಘ, ಯಾರಾದರೂ ಒಬ್ಬರು "ಇಂಥದ್ದು, ಇಷ್ಟು ಬೇಕು" ಅಂದಿರಬೇಕು. ಇಳಿಸಿಕೊಳ್ಳುವವರ ಹೆಸರು ಗೊತ್ತಿಲ್ಲದೆ ಲಾರಿ ಹೊರಡಿಸಬೇಡಿ.

ನೀರು ಇಳಿದ ಮೇಲೆ ಹೆಚ್ಚು ಬೇಕಾಗುವುದು ಕೆಸರು ತೆಗೆಯುವ ಸಾಮಾನು. ಸಲಿಕೆ, ಬಾಂಡ್ಲಿ, ಗಮ್‌ಬೂಟು, ಕೈಗವಸು, ಬ್ಲೀಚಿಂಗ್ ಪೌಡರ್. ಕೆಸರು ನೀರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದರೆ ಇಲಿ ಜ್ವರ ಬರಬಹುದು. 2018ರ ನೆರೆಯ ನಂತರ ಕೇರಳದಲ್ಲಿ ಅದು ಜೋರಾಗಿ ಹರಡಿತ್ತು. ಹಾಗಾಗಿ ಒಂದು ಜೊತೆ ಗಮ್‌ಬೂಟು ಸಣ್ಣ ದಾನವಲ್ಲ.

ಉತ್ತರ ಕರ್ನಾಟಕದ ನೆರೆಯಾದರೆ ದನಕರುಗಳನ್ನು ಮರೆಯಬೇಡಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ರೈತರು ಮನೆ ಬಿಟ್ಟರೂ ಎಮ್ಮೆ, ಎತ್ತು ಬಿಟ್ಟು ಬರುವುದಿಲ್ಲ. ಬಣವೆ ಕೊಚ್ಚಿಹೋದರೆ ಇಡೀ ವರ್ಷದ ಮೇವು ಹೋದಂತೆ. ಮೇವು ಸಿಗದಿದ್ದರೆ ದನ ಅಗ್ಗಕ್ಕೆ ಮಾರಬೇಕಾಗುತ್ತದೆ. ಆಮೇಲೆ ಬೇಸಾಯವೇ ನಿಲ್ಲುತ್ತದೆ. ಒಂದು ಲೋಡ್ ಜೋಳದ ಕಣಿಕೆ ಆಗ ಚಿನ್ನಕ್ಕೆ ಸಮ.

ವಯನಾಡಿಗೆ ಸಾಮಾನು ಒಯ್ಯುವವರು ಬಂಡೀಪುರದ ರಾತ್ರಿ ಸಂಚಾರ ನಿರ್ಬಂಧ ನೆನಪಿಡಿ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಹೊರಡುವ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ.

ದುಡ್ಡು ಯಾರಿಗೆ ಕೊಡುವುದು? ಯಾರನ್ನು ನಂಬುವುದು?

ಮೂರು ದಾರಿಗಳಿವೆ. ಒಂದೊಂದರ ಕೆಲಸ ಒಂದೊಂದು ಥರ.

ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟದ್ದು ದೊಡ್ಡ ಮಟ್ಟದ ಕೆಲಸಕ್ಕೆ ಹೋಗುತ್ತದೆ. ರಸೀದಿ ಸಿಗುತ್ತದೆ. ಆದರೆ ನಿಮ್ಮ ದುಡ್ಡು ಯಾವ ಮನೆಗೆ ಹೋಯಿತು ಅಂತ ತಿಳಿಯುವುದಿಲ್ಲ. ಸೇವಾ ಸಂಸ್ಥೆಗಳು ಬೇಗ ತಲುಪುತ್ತವೆ. ಆ ಜಿಲ್ಲೆಯಲ್ಲಿ ಮೊದಲಿನಿಂದಲೂ ಕೆಲಸ ಮಾಡಿದ ಸಂಸ್ಥೆಯನ್ನೇ ಹುಡುಕಿ, ಏಕೆಂದರೆ ಅವರಿಗೆ ಕೇರಿ ಕೇರಿಯೂ ಗೊತ್ತಿರುತ್ತದೆ. ಮೂರನೆಯದು, ನಿಮಗೆ ನೇರ ಪರಿಚಯವಿರುವ ಮನೆಗಳು. ನಿಮ್ಮ ಆಫೀಸಿನ ಸೆಕ್ಯೂರಿಟಿಯವರ ಊರು ಮುಳುಗಿದ್ದರೆ ಅವರ ಕುಟುಂಬಕ್ಕೆ ನೇರವಾಗಿ ಕೊಡಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಮೋಸಗಾರರು ಇಂಥ ಹೊತ್ತಿಗೇ ಕಾದಿರುತ್ತಾರೆ. ವಾಟ್ಸಾಪ್‌ನಲ್ಲಿ ಬಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ. ಸರಕಾರದ ಜಾಲತಾಣದಲ್ಲಿ ಇರುವ ಖಾತೆಯನ್ನೇ ಬಳಸಿ. ಯುಪಿಐನಲ್ಲಿ ದುಡ್ಡು ಹಾಕುವ ಮುನ್ನ ತೆರೆಯ ಮೇಲೆ ಕಾಣುವ ಖಾತೆದಾರರ ಹೆಸರು ಓದಿ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತೆರಿಗೆ ವಿನಾಯಿತಿ ಸಿಗುತ್ತದಾ?

ಹಳೆ ತೆರಿಗೆ ಪದ್ಧತಿಯಲ್ಲಿ ಇದ್ದರೆ ಸಿಗುತ್ತದೆ. ಪ್ರಧಾನಿ ಮತ್ತು ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟ ಪೂರ್ತಿ ಮೊತ್ತಕ್ಕೆ, ನೋಂದಾಯಿತ ಸಂಸ್ಥೆಗಳಿಗೆ ಕೊಟ್ಟರೆ ಸಾಮಾನ್ಯವಾಗಿ ಅರ್ಧಕ್ಕೆ. ಹೊಸ ಪದ್ಧತಿಯಲ್ಲಿ ಇಲ್ಲ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಇಲ್ಲ. ಅಕ್ಕಿ, ಕಂಬಳಿ ಕೊಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ.

ನಾವು ಹೊರದೇಶದಲ್ಲಿ ಇದ್ದೇವೆ. ಕೊಡಬಹುದಾ?

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆ ಅನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಆಗ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಇರುವ ಸಂಸ್ಥೆಗೆ ಮಾತ್ರ, ಅದೂ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿರುವ ಅವರ ಖಾತೆಗೆ ಕಳಿಸಬೇಕು. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಆ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಹಾಗಾಗಿ ಕೆಲಸ ಮಾಡುವ ಸಂಸ್ಥೆಗೇ ನೇರವಾಗಿ ಕಳಿಸಿ. ಕನ್ನಡ ಕೂಟಗಳು ದುಡ್ಡು ಎತ್ತುವ ಮೊದಲೇ ಇದನ್ನು ವಿಚಾರಿಸಿಕೊಂಡರೆ ಆಮೇಲಿನ ಓಡಾಟ ತಪ್ಪುತ್ತದೆ.

ರಜೆ ಹಾಕಿ ನಾನೇ ಹೋಗಿ ಕೆಲಸ ಮಾಡಲಾ?

ನಿಮ್ಮ ಕೈಯಲ್ಲಿ ಯಾವ ಕೆಲಸ ಇದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಮೊದಲ ದಿನಗಳು ತರಬೇತಿ ಪಡೆದವರಿಗೆ ಸೇರಿದ್ದು. ಚೂರಲ್‌ಮಲದಲ್ಲಿ ಸೇತುವೆ ಕೊಚ್ಚಿಹೋಗಿ ಮುಂಡಕ್ಕೈ ಕಡೆಗೆ ದಾರಿಯೇ ಇಲ್ಲದಾಗ, ಬೆಂಗಳೂರಿನಲ್ಲಿ ನೆಲೆಯಿರುವ ಸೇನೆಯ ಎಂಜಿನಿಯರಿಂಗ್ ಪಡೆ ಮದ್ರಾಸ್ ಸ್ಯಾಪರ್ಸ್‌ನವರು ಉಕ್ಕಿನ ಭಾಗಗಳನ್ನು ಜೋಡಿಸಿ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿದರು. ಆಗಸ್ಟ್ 1ರ ಸಂಜೆಗೆ ಅದು ಸಿದ್ಧವಾಯಿತು. ಆಮೇಲೆ ಜೆಸಿಬಿ, ಆಂಬುಲೆನ್ಸ್ ಸಲೀಸಾಗಿ ಆಚೆ ದಾಟಿದವು. ಅಂಥ ಹೊತ್ತಿನಲ್ಲಿ ಕಿರಿದಾದ ಘಾಟಿ ರಸ್ತೆಯಲ್ಲಿ ನಮ್ಮ ಕಾರು ನಿಂತಿದ್ದರೆ ಅದು ಅಡ್ಡಿಯೇ.

ಎರಡನೇ ವಾರದಿಂದ ಲೆಕ್ಕ ಬೇರೆ. ಎಲೆಕ್ಟ್ರಿಷಿಯನ್, ಪ್ಲಂಬರ್, ಬಾವಿ ಶುಚಿ ಮಾಡುವವರು, ಪಂಪ್‌ಸೆಟ್ ರಿಪೇರಿಯವರು, ಪಶುವೈದ್ಯರು, ಗೋಡೆ ನೋಡಿ ಈ ಮನೆಯಲ್ಲಿ ಇರಬಹುದೋ ಬೇಡವೋ ಎಂದು ಹೇಳಬಲ್ಲ ಸಿವಿಲ್ ಎಂಜಿನಿಯರ್‌ಗಳು, ಇವರಿಗೆಲ್ಲ ಕೈತುಂಬಾ ಕೆಲಸ. 2018ರಲ್ಲಿ ಕೇರಳದ ಕುಟ್ಟನಾಡಿನ ಮನೆಗಳನ್ನು ತೊಳೆಯಲು ಸಾವಿರಾರು ಜನ ದೋಣಿಗಳಲ್ಲಿ ಹೋಗಿದ್ದರು. ಯಾವ ವಿಶೇಷ ಕೆಲಸವೂ ಬಾರದಿದ್ದರೆ ಸಲಿಕೆ ಹಿಡಿಯಬಹುದು. ಆದರೆ ಊಟ, ಮಲಗುವ ಜಾಗ ನೀವೇ ನೋಡಿಕೊಳ್ಳಿ. ಅಲ್ಲಿನವರ ಪಾಲಿನ ಅನ್ನ ನಮ್ಮ ತಟ್ಟೆಗೆ ಬರಬಾರದು.

ಸರಕಾರ ಪರಿಹಾರ ಕೊಡುತ್ತದಲ್ಲ, ನಾವೇಕೆ?

ಕೊಡುತ್ತದೆ, ಕೊಡಲೇಬೇಕು. ಆದರೆ ಮೊತ್ತ ನೋಡಿ. ಕೇಂದ್ರದ 2022–26ರ ನಿಯಮದ ಪ್ರಕಾರ ಸಾವಿಗೆ 4 ಲಕ್ಷ, ಪೂರ್ತಿ ಬಿದ್ದ ಮನೆಗೆ ಬಯಲು ಸೀಮೆಯಲ್ಲಿ 1.2 ಲಕ್ಷ, ಗುಡ್ಡಗಾಡಿನಲ್ಲಿ 1.3 ಲಕ್ಷ ರೂಪಾಯಿ. ಇದಕ್ಕೆ ರಾಜ್ಯಗಳು ತಮ್ಮ ದುಡ್ಡು ಸೇರಿಸುತ್ತವೆ. 2019ರ ನೆರೆಯಲ್ಲಿ ಕರ್ನಾಟಕ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಅದೂ ಕಂತಿನಲ್ಲಿ ಬರುತ್ತದೆ. ಅಡಿಪಾಯ ಹಾಕಲು ಕೈಯಲ್ಲಿ ದುಡ್ಡಿಲ್ಲದವರಿಗೆ ಮುಂದಿನ ಕಂತು ಬರುವುದೇ ಇಲ್ಲ.

ಪಟ್ಟಿಗೇ ಸೇರದವರ ಪಾಡು ಇನ್ನೂ ಕಷ್ಟ. ಕೊಡಗಿನ ಲೈನ್ ಮನೆಗಳಲ್ಲಿ, ವಯನಾಡಿನ ಟೀ ಎಸ್ಟೇಟಿನ ಪಾಡಿ ಎಂಬ ಸಾಲು ಮನೆಗಳಲ್ಲಿ ಇದ್ದ ಕೂಲಿಯವರ ಹೆಸರಲ್ಲಿ ಜಾಗ ಇಲ್ಲ, ಪಹಣಿ ಇಲ್ಲ. ಮನೆ ಮಾಲೀಕರದ್ದು, ಕಳೆದುಕೊಂಡ ಪಾತ್ರೆ ಬಟ್ಟೆ ಇವರದ್ದು. ಬಾಡಿಗೆದಾರರು, ಗೇಣಿಗೆ ಹೊಲ ಮಾಡುವವರು, ಹೊರ ರಾಜ್ಯದ ಕೂಲಿಯವರು, ಗಂಡನ ಹೆಸರಲ್ಲೇ ಎಲ್ಲ ದಾಖಲೆ ಇದ್ದು ಈಗ ಒಂಟಿಯಾದ ಹೆಂಗಸರು. ದೂರದಿಂದ ನೆರವು ಕೊಡುವವರು ಮೊದಲು ಹುಡುಕಬೇಕಾದದ್ದು ಇವರನ್ನು. "ಪರಿಹಾರ ಪಟ್ಟಿಯಲ್ಲಿ ಹೆಸರಿಲ್ಲದವರು ಯಾರು?" ಅಂತ ನೀವು ದುಡ್ಡು ಕೊಡುವ ಸಂಸ್ಥೆಯನ್ನು ಕೇಳಿ. ಉತ್ತರ ಗೊತ್ತಿರುವವರಿಗೇ ಕೊಡಿ.

ನಮ್ಮ ಕಂಪನಿಯವರು, ಸಂಘದವರು ಸೇರಿ ಮನೆ ಕಟ್ಟಿಸಿಕೊಡಬೇಕು ಅಂತಿದ್ದೇವೆ. ಏನು ಗಮನಿಸಬೇಕು?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ದೊಡ್ಡ ನೆರೆ ಬಂತು. ಸರಕಾರ "ಆಸರೆ" ಯೋಜನೆ ತಂದಿತು. ದಾನಿಗಳು ಮುಂದೆ ಬಂದರು. ಎತ್ತರದ ಜಾಗಗಳಲ್ಲಿ ಹೊಸ ಊರುಗಳೇ ಎದ್ದವು. ಆದರೆ ಎಷ್ಟೋ ಕಡೆ ಜನ ಆ ಮನೆಗಳಿಗೆ ಹೋಗಲೇ ಇಲ್ಲ. ಹೋದವರೂ ಕೆಲವರು ವಾಪಸ್ ಬಂದರು. 2019ರಲ್ಲಿ ಹೊಳೆ ಮತ್ತೆ ಉಕ್ಕಿದಾಗ ಹಳೆ ಊರಿನಲ್ಲೇ ಇದ್ದವರು ಮತ್ತೆ ನೀರಿಗೆ ಸಿಕ್ಕಿದರು.

ಜನರಿಗೆ ಬುದ್ಧಿ ಇಲ್ಲ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಅದು ಅನ್ಯಾಯ. ಹೊಲ ಹಳೆ ಊರಿನ ಪಕ್ಕ, ಹೊಸ ಮನೆ ದೂರ. ಎತ್ತು, ಎಮ್ಮೆ ಕಟ್ಟಲು ಜಾಗವಿಲ್ಲ. ಕಣಿಕೆ ಒಟ್ಟಲು, ಜೋಳದ ಚೀಲ ಇಡಲು, ಅಣ್ಣ ತಮ್ಮಂದಿರು ಒಟ್ಟಿಗೆ ಇರಲು ಸಾಲದಷ್ಟು ಸಣ್ಣ ಕೋಣೆ. ನೀರು, ರಸ್ತೆ ಸರಿಯಿಲ್ಲ. ಬೇಸಾಯದ ಮನೆ ಎಂದರೆ ನಾಲ್ಕು ಗೋಡೆ ಮಾತ್ರವಲ್ಲವಲ್ಲ. ಅದನ್ನು ಮೊದಲೇ ಅವರ ಹತ್ತಿರ ಕೂತು ಕೇಳಿದ್ದರೆ ನಕ್ಷೆಯೇ ಬೇರೆ ಆಗುತ್ತಿತ್ತು.

ಕಛ್‌ನಲ್ಲಿ ಬೇರೆ ದಾರಿ ಹಿಡಿದರು. 2001ರ ಜನವರಿ 26ರ ಭೂಕಂಪದ ನಂತರ ಗುಜರಾತಿನ ಹಳ್ಳಿಗಳಲ್ಲಿ ಹೆಚ್ಚಿನ ಮನೆಗಳನ್ನು ಮನೆಯವರೇ ಕಟ್ಟಿಕೊಂಡರು. ಸರಕಾರ ಕಂತಿನಲ್ಲಿ ದುಡ್ಡು ಕೊಟ್ಟಿತು, ಎಂಜಿನಿಯರ್‌ಗಳು ಬಂದು ಭೂಕಂಪ ತಡೆಯುವ ಹಾಗೆ ಕಟ್ಟಿದ್ದಾರಾ ಅಂತ ನೋಡಿದರು, ಗೌಂಡಿಗಳಿಗೆ ತರಬೇತಿ ಸಿಕ್ಕಿತು. ಅಲ್ಲಿನ ಭುಂಗಾ ಎಂಬ ದುಂಡನೆಯ ಮಣ್ಣಿನ ಮನೆಗಳು ಭೂಕಂಪದಲ್ಲೂ ಚೆನ್ನಾಗಿ ನಿಂತಿದ್ದವು. ಆ ಜಾಣ್ಮೆಯನ್ನೂ ಕೆಲವು ಊರುಗಳಲ್ಲಿ ಬಳಸಿಕೊಂಡರು. 2015ರ ಭೂಕಂಪದ ನಂತರ ನೇಪಾಳವೂ ಮನೆಯವರ ಕೈಗೇ 3 ಲಕ್ಷ ನೇಪಾಳಿ ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಟ್ಟಿತು.

ನನಗೆ ಈ ದಾರಿಯ ಮೇಲೆಯೇ ನಂಬಿಕೆ. ನಿಮ್ಮ ಸಂಘದ ಹೆಸರಿನ ಕಾಲೋನಿ ಎದ್ದೇಳದಿದ್ದರೂ ಪರವಾಗಿಲ್ಲ. ಅಡಿಪಾಯಕ್ಕೆ ದುಡ್ಡಿಲ್ಲದ ಮನೆಗಳಿಗೆ ಮೊದಲ ಕಂತಿನಷ್ಟು ದುಡ್ಡು ಕೊಡಿ, ಒಬ್ಬ ಒಳ್ಳೆಯ ಎಂಜಿನಿಯರ್‌ನ ಸಂಬಳ ಕೊಡಿ, ದನದ ಕೊಟ್ಟಿಗೆ ಕಟ್ಟಿಸಿ. ಗುಡ್ಡ ಜಾರಿ ಜಾಗವೇ ಇಲ್ಲವಾದ ಕಡೆ, ಕೊಡಗಿನ ಮಕ್ಕಂದೂರು ಸುತ್ತಮುತ್ತ ಅಥವಾ ಮುಂಡಕ್ಕೈ ಥರ, ಹೊಸ ಬಡಾವಣೆ ಬಿಟ್ಟು ಬೇರೆ ದಾರಿಯಿಲ್ಲ, ನಿಜ. ಅಲ್ಲೂ ಮನೆ ಸೇರುವವರನ್ನು ನಕ್ಷೆಯ ಹಂತದಲ್ಲೇ ಕೇಳಬೇಕು.

ತಾಳ್ಮೆಯೂ ಬೇಕು. 2018ರ ಆಗಸ್ಟ್‌ನಲ್ಲಿ ಮನೆ ಕಳೆದುಕೊಂಡ ಕೊಡಗಿನವರಿಗೆ ಜಂಬೂರು, ಮದೆನಾಡಿನ ಮನೆಗಳ ಕೀಲಿ ಸಿಕ್ಕಿದ್ದು 2020ರ ಜೂನ್‌ನಲ್ಲಿ. ವಯನಾಡಿಗೆ ಕರ್ನಾಟಕ ಸರಕಾರ ಕೆಲವೇ ದಿನಗಳಲ್ಲಿ 100 ಮನೆ ಘೋಷಿಸಿತು. ಆದರೆ ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನ ಜಾಗದ ವಿಷಯ ಹೈಕೋರ್ಟಿಗೆ ಹೋಗಿ, ಬಡಾವಣೆಗೆ ಶಂಕುಸ್ಥಾಪನೆ ಆಗಿದ್ದು 2025ರ ಮಾರ್ಚ್ 27ರಂದು. ಈ ನಡುವಿನ ತಿಂಗಳುಗಳ ಬಾಡಿಗೆ ಯಾರು ಕಟ್ಟುತ್ತಾರೆ ಅನ್ನುವುದು ಮನೆಯಷ್ಟೇ ದೊಡ್ಡ ಪ್ರಶ್ನೆ.

ನನ್ನ ಹತ್ತಿರ ದುಡ್ಡಿಲ್ಲ, ಸಮಯ ಇದೆ. ಮನೆಯಿಂದಲೇ ಏನು ಮಾಡಬಹುದು?

ಬಹಳ. ನೆರೆಯಲ್ಲಿ ಹೋಗುವುದು ಮನೆ ಮಾತ್ರವಲ್ಲ, ಕಾಗದಪತ್ರಗಳೂ ಹೋಗುತ್ತವೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್. ಇವಿಲ್ಲದೆ ಪರಿಹಾರದ ಅರ್ಜಿಯೇ ಮುಂದೆ ಹೋಗುವುದಿಲ್ಲ. ಆನ್‌ಲೈನ್ ಅರ್ಜಿ ತುಂಬುವುದು, ಡಿಜಿಲಾಕರ್‌ನಿಂದ ತೆಗೆದುಕೊಡುವುದು, ವಿಮೆಯ ಕ್ಲೇಮ್ ಬರೆದುಕೊಡುವುದು, ಪಂಚನಾಮೆ ಪ್ರತಿಗಾಗಿ ಕಚೇರಿಗೆ ಫೋನ್ ಮಾಡುವುದು, ಇವೆಲ್ಲ ದೂರದಿಂದಲೇ ಆಗುವ ಕೆಲಸ. ಸುಮ್ನೆ ಕೂತು ಸುದ್ದಿ ನೋಡುವ ಹೊತ್ತಿನಲ್ಲಿ ಒಂದು ಕುಟುಂಬದ ಅರ್ಜಿ ಮುಗಿಯುತ್ತದೆ. ಒಟಿಪಿ ಮಾತ್ರ ಅವರ ಎದುರಿಗೇ, ಅವರ ಒಪ್ಪಿಗೆಯಿಂದಲೇ ಬಳಸಬೇಕು.

ಕಾನೂನು ಗೊತ್ತಿರುವವರಿಗೆ ಇನ್ನೂ ಜಾಸ್ತಿ ಕೆಲಸ. ಶವ ಸಿಗದಿದ್ದರೆ ಮರಣ ಪತ್ರ ಬೇಗ ಸಿಗುವುದಿಲ್ಲ, ಅದಿಲ್ಲದೆ ವಿಮೆ, ಪಿಂಚಣಿ, ಪರಿಹಾರ ಯಾವುದೂ ಇಲ್ಲ. ವಯನಾಡಿನಲ್ಲಿ ಸಿಗದೇ ಹೋದವರನ್ನು ಮೃತರೆಂದು ಪರಿಗಣಿಸುವ ತೀರ್ಮಾನವಾಗಿದ್ದು 2025ರ ಜನವರಿಯಲ್ಲಿ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಾಗದ ದಾಖಲೆ ಎಷ್ಟೋ ಸಲ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಲ್ಲಿದ್ದು, ಅಲ್ಲಿ ಮನೆ ಕಟ್ಟಿಕೊಂಡವರ ಹೆಸರಲ್ಲಿ ಇರುವುದಿಲ್ಲ. ಇಂಥ ಗಂಟು ಬಿಡಿಸಲು ಒಬ್ಬ ವಕೀಲರು ವಾರಕ್ಕೊಂದು ಗಂಟೆ ಕೊಟ್ಟರೂ ದೊಡ್ಡ ಸಹಾಯ.

ಸಾಲದ ಕಂತು ಇನ್ನೊಂದು ತಲೆನೋವು. ವಯನಾಡಿನಲ್ಲಿ ಸರಕಾರ ತುರ್ತಾಗಿ ಹಾಕಿದ 10,000 ರೂಪಾಯಿಯಿಂದಲೇ ಒಂದು ಬ್ಯಾಂಕ್ ಹಳೆ ಸಾಲದ ಕಂತು ಕಡಿದುಕೊಂಡಿತ್ತು. ಜನ ಪ್ರತಿಭಟಿಸಿದ ಮೇಲೆ ವಾಪಸ್ ಕೊಟ್ಟಿತು. ಸಂತ್ರಸ್ತರ ಪರವಾಗಿ ಬ್ಯಾಂಕಿಗೆ ಒಂದು ಪತ್ರ ಬರೆದು, ಕಂತು ಮುಂದೂಡಲು ಕೇಳುವವರು ಬೇಕು.

ದುಡಿಮೆ ಮತ್ತೆ ಶುರುವಾಗಲು ಏನು ಮಾಡಬಹುದು?

ಕೊಳ್ಳಿ. 2018ರ ನೆರೆಯಲ್ಲಿ ಎರ್ನಾಕುಳಂ ಜಿಲ್ಲೆಯ ಚೇಂದಮಂಗಲಂ ನೇಕಾರರ ಮಗ್ಗಗಳಿಗೆ ಕೆಸರು ಹೊಕ್ಕಿತು. ಓಣಂಗೆ ನೇಯ್ದಿಟ್ಟ ಬಟ್ಟೆಯೆಲ್ಲ ಹಾಳಾಯಿತು. ಆ ಕಲೆಯಾದ ಸೀರೆಗಳನ್ನು ತೊಳೆದು, ಕತ್ತರಿಸಿ, ಚೇಕುಟ್ಟಿ ಎಂಬ ಪುಟ್ಟ ಗೊಂಬೆಗಳನ್ನು ಮಾಡಿದರು. ಒಂದಕ್ಕೆ 25 ರೂಪಾಯಿ. ಬೇರೆ ಬೇರೆ ಊರುಗಳಲ್ಲಿ ಸ್ವಯಂಸೇವಕರು ಕೂತು ಗೊಂಬೆ ಕಟ್ಟಿದರು, ದುಡ್ಡು ನೇಕಾರರ ಸಂಘಕ್ಕೆ ಹೋಯಿತು. ಬಿಸಾಡಬೇಕಾಗಿದ್ದ ಸೀರೆಯಿಂದ ಅದರ ಬೆಲೆಗಿಂತ ಜಾಸ್ತಿ ಬಂತು. ನೇಕಾರರು ಕೈಚಾಚಲಿಲ್ಲ, ನೆಟ್ಟಗೆ ನಿಂತರು. ಇಂಥ ಕೆಲಸ ನನಗೆ ಬಹಳ ಇಷ್ಟ.

ನಮ್ಮಲ್ಲೂ ಇದಕ್ಕೆ ದಾರಿಯಿದೆ. ಕೊಡಗಿನ ಕಾಫಿ, ಜೇನು, ಕಾಳುಮೆಣಸು, ಬಾಗಲಕೋಟೆ ಕಡೆಯ ಕೈಮಗ್ಗದ ಸೀರೆ, ಬೆಳಗಾವಿಯ ಬೆಲ್ಲ. ಅಪಾರ್ಟ್‌ಮೆಂಟಿನವರು ಸೇರಿ ಬೆಳೆಗಾರರಿಂದ ನೇರವಾಗಿ ತರಿಸಿಕೊಳ್ಳಿ. ಚೌಕಾಸಿ ಮಾಡಬೇಡಿ.

ಮಕ್ಕಳಿಗೆ, ಮನಸ್ಸು ಕುಸಿದವರಿಗೆ ಹೇಗೆ ನೆರವಾಗುವುದು?

ಮಕ್ಕಳಿಗೆ ಶಾಲೆ ಬೇಗ ಶುರುವಾಗುವುದೇ ದೊಡ್ಡ ಔಷಧಿ. ವಯನಾಡಿನ ವೆಳ್ಳಾರ್‌ಮಲ ಶಾಲೆ ಹಾಳಾದಾಗ ಅಲ್ಲಿನ ಮಕ್ಕಳಿಗೆ ಮೇಪ್ಪಾಡಿಯಲ್ಲಿ ಸೆಪ್ಟೆಂಬರ್ 2ರಿಂದ ತರಗತಿ ಆರಂಭಿಸಿದರು. ದೂರದಿಂದ ನಾವು ಬಸ್ಸಿನ ಖರ್ಚು, ಪುಸ್ತಕ, ಮುಂದಿನ ವರ್ಷಗಳ ಫೀಸು ನೋಡಿಕೊಳ್ಳಬಹುದು.

ದೊಡ್ಡವರ ದುಃಖಕ್ಕೆ ಆತುರದ ಸಮಾಧಾನ ಬೇಡ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ಗೆ ಇದರಲ್ಲಿ ಭೋಪಾಲ್ ಅನಿಲ ದುರಂತದ ಕಾಲದಿಂದಲೂ ಅನುಭವವಿದೆ. ಊರಿನವರಿಗೇ, ಅಂಗನವಾಡಿ, ಆಶಾ ಕಾರ್ಯಕರ್ತೆಯರಂಥವರಿಗೇ ತರಬೇತಿ ಕೊಟ್ಟು ಮನೆಮನೆಗೆ ಹೋಗಿ ಮಾತು ಕೇಳಿಸಿಕೊಳ್ಳುವ ಕ್ರಮ ಚೆನ್ನಾಗಿ ಕೆಲಸ ಮಾಡಿದೆ. ಹೊರಗಿನವರು ಒಂದು ದಿನ ಬಂದು "ಏನಾಯ್ತು ಹೇಳಿ" ಅಂತ ಕೆದಕಿ ಹೋಗುವುದು ಗಾಯಕ್ಕೆ ಉಪ್ಪು ಸವರಿದಂತೆ.

ನೆರವು ಕೊಟ್ಟ ಫೋಟೊ ಹಾಕಬಹುದಾ?

ಸಾಮಾನಿನ ಫೋಟೊ, ಬಿಲ್ಲಿನ ಫೋಟೊ ಹಾಕಿ. ತೆಗೆದುಕೊಳ್ಳುವವರ ಮುಖ ಬೇಡ. ದಾನಿಗಳಿಗೆ ಲೆಕ್ಕ ಬೇಕು, ಸರಿ. ಆ ಲೆಕ್ಕಕ್ಕೆ ಯಾರದೋ ಕಣ್ಣೀರು ಬೇಕಿಲ್ಲ.

ಕೊಡಗು, ವಯನಾಡಿಗೆ ಪ್ರವಾಸ ಬುಕ್ ಮಾಡಿದ್ದೆವು. ರದ್ದು ಮಾಡಲಾ?

ಆ ವಾರದಲ್ಲಿದ್ದರೆ ರದ್ದು ಮಾಡಿ. ಮೂರು ತಿಂಗಳ ನಂತರದ್ದಾದರೆ ಖಂಡಿತ ಹೋಗಿ. ಗುಡ್ಡ ಜಾರಿದ್ದು ಮೇಪ್ಪಾಡಿ ಪಂಚಾಯ್ತಿಯ ಒಂದು ಭಾಗದಲ್ಲಿ, ಆದರೆ ಬುಕಿಂಗ್ ರದ್ದಾಗಿದ್ದು ಇಡೀ ಜಿಲ್ಲೆಯಲ್ಲಿ. ಹೋಮ್‌ಸ್ಟೇಯವರು, ಜೀಪು ಓಡಿಸುವವರು, ರಸ್ತೆಬದಿಯ ಹೋಟೆಲಿನವರು ಇದರಿಂದ ಸೊರಗಿದರು. ಕುಸಿದ ಜಾಗ ನೋಡಲು, ಸೆಲ್ಫಿ ತೆಗೆಯಲು ಮಾತ್ರ ಹೋಗಬೇಡಿ.

ಎಷ್ಟು ಕಾಲ ನೆರವು ಬೇಕಾಗುತ್ತದೆ? ನಾವು ಎತ್ತಿದ ದುಡ್ಡಿನಲ್ಲಿ ಸ್ವಲ್ಪ ಉಳಿದಿದೆ, ಏನು ಮಾಡಲಿ?

ಎರಡು ವರ್ಷ ಅಂತ ಇಟ್ಟುಕೊಳ್ಳಿ. ಮೊದಲ ಹದಿನೈದು ದಿನ ಎಲ್ಲರೂ ಇರುತ್ತಾರೆ. ಕಷ್ಟ ಶುರುವಾಗುವುದು ಕ್ಯಾಮೆರಾ ಹೋದ ಮೇಲೆ, ಕಾಳಜಿ ಕೇಂದ್ರ ಮುಚ್ಚಿ ತಗಡಿನ ಶೆಡ್ಡಿಗೆ ಹೋದ ಮೇಲೆ. ಹೊಲದಲ್ಲಿ ಮರಳು ಕೂತಿದ್ದರೆ ಅದನ್ನು ತೆಗೆಯದೆ ಬಿತ್ತನೆ ಇಲ್ಲ. ಕಾಫಿ ಗಿಡ ಹೊಸದಾಗಿ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ.

ಉಳಿದ ದುಡ್ಡನ್ನು ಅವಸರದಲ್ಲಿ ಖರ್ಚು ಮಾಡಬೇಡಿ. ಎಷ್ಟು ಉಳಿದಿದೆ ಅಂತ ಕೊಟ್ಟವರಿಗೆಲ್ಲ ಲೆಕ್ಕ ತಿಳಿಸಿ, ಒಪ್ಪಿಗೆ ಪಡೆದು, ಮೂರು ಹೊತ್ತಿಗೆ ಹಂಚಿಡಿ. ಒಂದು ಪಾಲು ಆರನೇ ತಿಂಗಳಿಗೆ, ಬಾಡಿಗೆ ಮತ್ತು ಬೀಜ ಗೊಬ್ಬರಕ್ಕೆ. ಒಂದು ಪಾಲು ಜೂನ್‌ಗೆ, ಶಾಲೆಯ ಖರ್ಚಿಗೆ. ಇನ್ನೊಂದು ಪಾಲು ಮುಂದಿನ ಮಳೆಗಾಲ ಶುರುವಾಗುವ ಮುಂಚೆ, ಶೆಡ್ಡಿನ ಸೂರು ಗಟ್ಟಿ ಮಾಡಲು, ಚರಂಡಿ ತೋಡಲು, ಟಾರ್ಚು ಮತ್ತು ಹಗ್ಗಕ್ಕೆ. ಆ ಊರಿನಲ್ಲಿ ನಿಮಗೆ ಪರಿಚಯವಾದ ಒಬ್ಬರ ನಂಬರ್ ಇಟ್ಟುಕೊಂಡು ತಿಂಗಳಿಗೊಮ್ಮೆ ಫೋನ್ ಮಾಡಿ. ಅವರ ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮಿನ ನಂಬರ್ 1077 ಅವರ ಫೋನಿನಲ್ಲಿ ಸೇವ್ ಆಗಿದೆಯಾ ಅಂತಲೂ ಕೇಳಿ.